ಮನೆವಾರ್ತೆ: ಆಹೇರಿಯ ಯಾದಿ

ಲಗ್ನದ ಗದ್ದಲವು ಮುಗಿದು ನಂಟರೆಲ್ಲರೂ ತಂತಮ್ಮ ಊರು ಸೇರಿದ ತರುವಾಯ ಮನೆಯ ಯಜಮಾನನಿಗೆ ಉಳಿಯುವ ಕೆಲಸವೆಂದರೆ ಆಹೇರಿಯ ಯಾದಿ. ಯಾರು ಎಷ್ಟು ಮಾಡಿದರೆಂಬುದು ತಿಳಿಯದಿದ್ದರೆ ನಾಳೆ ಅವರ ಮನೆಯ ಕಾರ್ಯದಲ್ಲಿ ಮುಯ್ಯಿ ತೀರಿಸುವುದೆಂತು? ಧಾರವಾಡದ ನಮ್ಮ ಮನೆಯಲ್ಲಿ ಈ ಸಲ ಆ ಭಾರವನ್ನು ಕಾಲೇಜಿಗೆ ಹೋಗುವ ಮಗನು ಕಂಪ್ಯೂಟರಿಗೆ ಒಪ್ಪಿಸಿದನು. ೧೯೯೧ರಲ್ಲಿ ಹೊರಬಂದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ 'ಸಾರ್ಟ್' ಎಂಬುದೊಂದು ಅಪ್ಪಣೆಯುಂಟು. ಅದನ್ನು ಕೊಟ್ಟೊಡನೆ ನೂರಾರು ಹೆಸರುಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಾಲಾಗಿ ನಿಲ್ಲುತ್ತವೆ. ಆದರೆ ಯಂತ್ರವು ಹೇಳಿದುದನ್ನು ಮಾಡುವುದಲ್ಲದೆ ಮನಸ್ಸಿನಲ್ಲಿದ್ದುದನ್ನು ಅರಿಯದು.

ಮೊದಲ ತೊಡಕು ಅಂಕಿಗಳಲ್ಲಿ ಕಂಡಿತು. ೫೧, ೧೦೧, ೫೦೧, ೧೦೦೧ ಎಂದು ಏರಬೇಕಾದ ಮೊತ್ತಗಳು ೧೦೦೧, ೧೦೧, ೫೦೧, ೫೧ ಎಂದು ನಿಂತುವು. ಮಗನು ಅವುಗಳನ್ನು ಉದ್ಧರಣ ಚಿಹ್ನೆಗಳೊಳಗೆ ಬರೆದಿದ್ದನಾದ್ದರಿಂದ ಯಂತ್ರವು ಅವುಗಳನ್ನು ಸಂಖ್ಯೆಗಳೆಂದು ಎಣಿಸದೆ ಶಬ್ದಗಳೆಂದು ಬಗೆದು, ಎಡದಿಂದ ಒಂದೊಂದೇ ಅಂಕಿಯನ್ನು ಹೋಲಿಸುತ್ತ ಹೋಯಿತು. 'ಕೀ' ಎಂಬಲ್ಲಿ 'ಇಂಟ್' ಎಂದು ಸೂಚಿಸಿದೊಡನೆ ಸರಿಹೋಯಿತು. ಕನ್ನಡದ ಅಂಕಿಗಳನ್ನೂ ಅದು ಸಂಖ್ಯೆಯಾಗಿ ಓದಬಲ್ಲುದು.

ಎರಡನೆಯದು ಅಕ್ಷರಗಳದು. ಯಂತ್ರವು ಪ್ರತಿಯೊಂದು ಅಕ್ಷರಕ್ಕೂ ಯೂನಿಕೋಡಿನವರು ಕೊಟ್ಟ ಸಂಖ್ಯೆಯನ್ನು ನೋಡುತ್ತದೆ. ಆ ಸಾಲಿನಲ್ಲಿ ಳಕಾರವು ಲಕಾರ ವಕಾರಗಳ ನಡುವೆ ಇದೆ. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಾದರೋ ಅದು ಹಕಾರದ ತರುವಾಯ ಬರುವುದು. ಆದಕಾರಣ ಕವಿತಾಳಿಗಿಂತ ಮುಂಚೆ ಕಳಕಪ್ಪನು ಬಂದು ನಿಂತನು! ನಮ್ಮ ಕ್ರಮವೇ ಬೇಕೆಂದರೆ ಅದನ್ನು ನಾವೇ ಬರೆದು ಕೊಡಬೇಕು. ಧಾರವಾಡ ಹುಬ್ಬಳ್ಳಿಗಳಲ್ಲಿಯೂ ಇದ್ದು ಕೆಲಸಮಾಡಿದ ಕಿಟ್ಟೆಲ್ ಅವರು ೧೮೯೪ರ ತಮ್ಮ ನಿಘಂಟಿಗೆ ಸಾವಿರಾರು ಶಬ್ದಗಳನ್ನು ಇಂಥ ಯಾವ ಯಂತ್ರದ ನೆರವೂ ಇಲ್ಲದೆ ಅಣಿಗೊಳಿಸಿದರೆಂಬುದನ್ನು ನೆನೆದಾಗ ತಲೆ ಬಾಗುತ್ತದೆ.

ಮೂರನೆಯ ತಪ್ಪು ಎಲ್ಲಕ್ಕೂ ಕೆಟ್ಟದು. ಮಗನು ಹೆಸರುಗಳದೊಂದು, ಮೊತ್ತಗಳದೊಂದು ಹೀಗೆ ಎರಡು ಯಾದಿ ಮಾಡಿ, ಎರಡನ್ನೂ ಬೇರೆಬೇರೆಯಾಗಿ ಸಾರ್ಟ್ ಮಾಡಿದ್ದನು. ಒಬ್ಬರ ಹಣವು ಮತ್ತೊಬ್ಬರ ಹೆಸರಿಗೆ ಬಿದ್ದಿತು. ೧೦೦೧ ರೂಪಾಯಿ ಮಾಡಿದ ಸೋದರಮಾವನ ಮುಂದೆ ೫೧ ಕಾಣಿಸಿತು! ಹಿಂದಕ್ಕೆ ತಿರುಗೋಣವೆಂದರೆ, 'ಸಾರ್ಟ್' ಎಂಬುದು ಮೂಲ ಯಾದಿಯನ್ನೇ ಕದಲಿಸಿಬಿಡುತ್ತದೆ. ಮೊದಲಿನ ಕ್ರಮವು ಉಳಿಯದು. ಅದರ ಬದಲು 'ಸಾರ್ಟೆಡ್' ಎಂದರೆ ಮೂಲವನ್ನು ಮುಟ್ಟದೆ ಹೊಸದೊಂದು ಯಾದಿಯನ್ನು ಕೊಡುತ್ತದೆ. ಹೆಸರು ಮೊತ್ತಗಳನ್ನು ಜೋಡಿಯಾಗಿಯೇ ಕಟ್ಟಿ ಕೊಟ್ಟರೆ ಅವು ಅಗಲುವುದೂ ಇಲ್ಲ.

ಮಗನು ಮುಖ ಸಣ್ಣದು ಮಾಡಿ ಕುಳಿತಿದ್ದಾಗ ಅವನ ಅಜ್ಜಿಯು ಒಳಗಿನಿಂದ ವಹಿಯನ್ನು ತಂದು ಮುಂದಿಟ್ಟರು. ಮಂಟಪದ ಬಳಿ ಕುಳಿತು ಬಂದವರ ಸಾಲಿನಂತೆಯೇ ಬರೆದಿಟ್ಟ ವಹಿ ಅದು. ರಾತ್ರಿಯೊಳಗಾಗಿ ಯಾದಿಯು ನೆಟ್ಟಗಾಯಿತು.

ವಾಚಕರೇ, ಯಂತ್ರದಿಂದ ಧಾರಾಳವಾಗಿ ಕೆಲಸ ಕೊಳ್ಳಿರಿ. ಮೂಲದ ವಹಿಯನ್ನು ಮಾತ್ರ ರದ್ದಿಗೆ ಹಾಕದಿರಿ.