ಹಣ ಹಾಕಿದವರ ಹಕ್ಕೊತ್ತಾಯ ಪತ್ರ

ಸ್ಥಳ: ನ್ಯಾಮತಿ
ಇವರಿಗೆ: ನಮ್ಮ ಫುಟ್‌ಬಾಲ್ ಗುಂಪಿನ ಹಣ ಹಿಡಿದಿರುವ ಅಣ್ಣನವರಿಗೆ
ಇವರಿಂದ: ವಾರಕ್ಕೆ ತಲಾ 500 ರೂಪಾಯಿ ಹಾಕಿದ ಒಂಬತ್ತು ಜನ

ಅಣ್ಣಾ,

ಆನ್‌ಲೈನ್ ಹಣದಾಟದ ಮೇಲೆ ರಾಜ್ಯ ಸರ್ಕಾರ ಹೇರಿದ್ದ ನಿಷೇಧವನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದು ಮಾಡಿತು. ನಮ್ಮ ಗುಂಪು ಹುಟ್ಟಿದ್ದು ಆಮೇಲೆ. ಊರೆಲ್ಲ ಡ್ರೀಮ್11ನಂಥ ಆ್ಯಪ್‌ಗಳಲ್ಲಿ ಕ್ರಿಕೆಟ್‌ಗೆ ಟೀಮ್ ಹಾಕುತ್ತಿದ್ದಾಗ ನಾವು ಫುಟ್‌ಬಾಲ್ ಹಿಡಿದೆವು. ಬೆಂಗಳೂರು ಎಫ್‌ಸಿ ಆಟ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡವರು ನಾವು. ಹಣ ನಿಮ್ಮ ಫೋನ್‌ಪೇಗೆ ಬರುತ್ತಿತ್ತು, ಆ್ಯಪ್‌ನ ಖಾತೆಯೂ ನಿಮ್ಮ ಹೆಸರಲ್ಲೇ ಇತ್ತು. 2025ರ ಆಗಸ್ಟ್ 22ರಂದು ಹಣದಾಟ ನಿಷೇಧಿಸುವ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಡ್ರೀಮ್11 ಸೇರಿ ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ಅಲ್ಲಿಂದೀಚೆಗೆ ಲೆಕ್ಕ ಕೇಳಿದ ಇಬ್ಬರನ್ನು ನೀವು ವಾಟ್ಸ್ಆ್ಯಪ್ ಗುಂಪಿನಿಂದಲೇ ತೆಗೆದು ಹಾಕಿದಿರಿ. ಬಾಯಿಮಾತು ಸಾಕಾಗದೆ ಈ ಪತ್ರ ಬರೆಯುತ್ತಿದ್ದೇವೆ.

1. ಮೊದಲ ದಿನದಿಂದ ಕೊನೆಯ ದಿನದವರೆಗಿನ ಲೆಕ್ಕ ಬೇಕು. ಯಾರು ಎಷ್ಟು ಹಾಕಿದರು, ಯಾವ ಕಾಂಟೆಸ್ಟ್‌ಗೆ ಎಷ್ಟು ಹೋಯಿತು, ಎಷ್ಟು ಬಂತು, ಎಲ್ಲವೂ. ಬರೀ ಗೆದ್ದ ದಿನದ ಸ್ಕ್ರೀನ್‌ಶಾಟ್ ಸಾಲದು. ನಮ್ಮಲ್ಲೊಬ್ಬನ ಮನೆ ಜಗಲಿಯ ಮೇಲೆ ವಾರಕ್ಕೊಮ್ಮೆ ಅವನ ತಾಯಿಯ ಸ್ವಸಹಾಯ ಸಂಘ ಸೇರುತ್ತದೆ. ಹತ್ತು ರೂಪಾಯಿ ನೋಟನ್ನೂ ಎಲ್ಲರೆದುರು ಎಣಿಸಿ, ಪುಸ್ತಕದಲ್ಲಿ ಬರೆದು, ಸಹಿ ಬಾರದ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡೇ ಆ ಹೆಂಗಸರು ಏಳುವುದು. ಬರೆದಿಟ್ಟದ್ದರ ಬೆಲೆ ಕಷ್ಟ ಬಂದಾಗಲೇ ಗೊತ್ತಾಗುವುದು. 2024ರ ಅಕ್ಟೋಬರ್‌ನಲ್ಲಿ ನಮ್ಮೂರಿನ ಸ್ಟೇಟ್ ಬ್ಯಾಂಕಿನಿಂದ 17 ಕೆ.ಜಿ.ಗೂ ಹೆಚ್ಚು ಅಡವಿನ ಚಿನ್ನ ಕಳುವಾದಾಗ ಊರಿಗೆ ಊರೇ ನಿದ್ದೆಗೆಟ್ಟಿತ್ತು. ಮರುವರ್ಷ ಪೊಲೀಸರು ಅದರ ಬಹುಪಾಲನ್ನು ತಮಿಳುನಾಡಿನ ಬಾವಿಯೊಂದರಿಂದ ಮೇಲೆತ್ತಿದರು. ಅಡವಿಟ್ಟವರ ಕೈಯಲ್ಲಿ ಯಾರದು ಎಷ್ಟು ಗ್ರಾಂ ಎಂಬ ರಸೀದಿಯಾದರೂ ಇತ್ತು. ನಮ್ಮ ಕೈಯಲ್ಲಿ ಏನಿದೆ?

2. ಎರಡು ಟೀಮಿನ ವಿಷಯಕ್ಕೆ ನೇರ ಉತ್ತರ ಕೊಡಿ. ನಮಗೆ ಹೆಚ್ಚು ನೋವಾಗಿರುವುದು ಇಲ್ಲೇ. ಒಂದು ಶನಿವಾರ ರಾತ್ರಿ ಎಂಟೂವರೆಗೆ ಇಂಗ್ಲೆಂಡಿನ ಪಂದ್ಯ. ಆಡುವ ಹನ್ನೊಂದರ ಪಟ್ಟಿ ಒಂದು ಗಂಟೆ ಮೊದಲೇ ಬಂದಿತ್ತು, ನಮ್ಮ ಟೀಮಿಗೆ ಆರಿಸಿದ್ದ ಕ್ಯಾಪ್ಟನ್ ಬೆಂಚಿನಲ್ಲಿದ್ದ. ಗುಂಪಿನಲ್ಲಿ ಮೂವರು "ಅಣ್ಣಾ, ಕ್ಯಾಪ್ಟನ್ ಬದಲಿಸಿ" ಎಂದು ಹಾಕಿದರು. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಕ್ಯಾಪ್ಟನ್‌ಗೆ ಎರಡರಷ್ಟು ಅಂಕ ನಿಜ, ಮೈದಾನಕ್ಕೇ ಇಳಿಯದವನ ಸೊನ್ನೆಗೆ ಎರಡರಷ್ಟು ಕೊಟ್ಟರೂ ಸೊನ್ನೆಯೇ. ಅದೇ ಖಾತೆಯಲ್ಲಿ, ಅದೇ ಪಂದ್ಯಕ್ಕೆ ನಿಮ್ಮ ಸ್ವಂತ ಟೀಮ್ ಒಂದಿತ್ತು. ಅದರಲ್ಲಿ ಮಾತ್ರ ಕ್ಯಾಪ್ಟನ್ ಬದಲಾಗಿದ್ದ, ಅದು ಗೆದ್ದಿತು. ನಮ್ಮ ಹಣ ಇದ್ದ ಖಾತೆಯಿಂದ ಹಾಕಿದ ಟೀಮಿನ ಗೆಲುವು ಒಬ್ಬರದೇ ಹೇಗಾಗುತ್ತದೆ? ಆ ಟೀಮಿನ ಪ್ರವೇಶ ಶುಲ್ಕ ನಿಮ್ಮ ಕೈಯಿಂದ ಹೋಗಿದೆ ಎಂದು ತೋರಿಸಿದರೆ ನಾವು ಮಾತು ಹಿಂತೆಗೆದುಕೊಳ್ಳುತ್ತೇವೆ. ತೋರಿಸದಿದ್ದರೆ ಆ ಗೆಲುವು ಎಲ್ಲರಿಗೂ ಹಂಚಿಕೆಯಾಗಲಿ.

3. ಪ್ರತಿ ಗೆಲುವಿಗೂ "ಸರ್ಕಾರ 30 ಪರ್ಸೆಂಟ್ ಹಿಡಿಯಿತು" ಎಂದು ಕಳೆದು ಹಂಚಿದ್ದೀರಿ. 2023ರ ಏಪ್ರಿಲ್ 1ರಿಂದ ಆ ತೆರಿಗೆ ನಿವ್ವಳ ಗೆಲುವಿನ ಮೇಲೆ ಮಾತ್ರ, ಅಂದರೆ ಹಾಕಿದ ಹಣ ಕಳೆದು ಉಳಿದದ್ದರ ಮೇಲೆ. ಆ ವರ್ಷಗಳಲ್ಲಿ ನಾವು ಸೋತದ್ದೇ ಹೆಚ್ಚು. ನಿಜವಾಗಿ ಎಷ್ಟು ಕಡಿತವಾಗಿದೆ ಎಂಬುದು ನಿಮ್ಮ ಪ್ಯಾನ್‌ನ ಫಾರಂ 26ಎಎಸ್‌ನಲ್ಲಿದೆ. ಅದನ್ನು ತೋರಿಸಿ, ಹೆಚ್ಚು ಹಿಡಿದದ್ದನ್ನು ಮರಳಿಸಿ.

4. ಆಟ ನಿಂತ ದಿನ ವಾಲೆಟ್‌ನಲ್ಲಿ ಉಳಿದಿದ್ದ ಹಣ ಹಂಚಿ. ಉಳಿಕೆಯನ್ನು ವಾಪಸ್ ತೆಗೆದುಕೊಳ್ಳಬಹುದು ಎಂದು ಡ್ರೀಮ್11 ಆಗಲೇ ತಿಳಿಸಿತ್ತು. "ಆ್ಯಪ್ ನುಂಗಿತು" ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

5. ಆ ಹಣವನ್ನು ಟೆಲಿಗ್ರಾಂನಲ್ಲಿ ಸಿಕ್ಕ ಯಾವುದೋ ಹೊರದೇಶದ ಆ್ಯಪ್‌ಗೆ ಹಾಕಬೇಡಿ. ಹಣದ ಆಟ ನಡೆಸುವವರಿಗೆ ಹೊಸ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡವಿದೆ. ನಮ್ಮಲ್ಲಿ ಯಾರೂ ಇನ್ನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

6. "ಲೆಕ್ಕ ಕೇಳಿದರೆ ಎಲ್ಲರ ಮೇಲೂ ಕೇಸಾಗುತ್ತೆ" ಎಂದು ಹುಡುಗರನ್ನು ಹೆದರಿಸುವುದನ್ನು ಬಿಡಿ. ಆ ಕಾಯ್ದೆ ಆಡಿದವರಿಗೆ ಶಿಕ್ಷೆ ಇಟ್ಟಿಲ್ಲ.

7. ಹಣ ಹಂಚುವಾಗ ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ನಮ್ಮ ತಮ್ಮನಿಗೆ ಮೊದಲು ಕೊಡಿ. ಹೆಂಡತಿ ಸಂಘದಲ್ಲಿ ತೆಗೆದ ಸಾಲದಿಂದ ಅವನು ಹಣ ಹಾಕಿದ್ದ. ವಾರದ ಕಂತು ಇವತ್ತಿಗೂ ಆಕೆಯೇ ಕಟ್ಟುತ್ತಿದ್ದಾಳೆ. ಅವನ ಪಾಲು ತೀರುವವರೆಗೆ ಉಳಿದ ಎಂಟು ಜನ ಕಾಯುತ್ತೇವೆ, ಇದಕ್ಕೆ ಎಲ್ಲರ ಒಪ್ಪಿಗೆ ಇದೆ.

8. ಗುಂಪಿನಿಂದ ತೆಗೆದ ಇಬ್ಬರನ್ನು ಮತ್ತೆ ಸೇರಿಸಿ, ಅವರ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಿ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಮೊದಲ ಸಲ ಟೀಮ್ ಹಾಕಿದ ಅದೇ ಟೀ ಅಂಗಡಿಯಲ್ಲಿ ಸೇರುತ್ತೇವೆ. ಬ್ಯಾಂಕ್ ಪಾಸ್‌ಬುಕ್, ಫೋನ್ ಎರಡನ್ನೂ ತನ್ನಿ. ನಾವು ಒಂದು ನೋಟ್‌ಬುಕ್ ತರುತ್ತೇವೆ. ಒಂದೊಂದೇ ವಾರ ತೆಗೆದು ಬರೆಯೋಣ, ಸಂಜೆಯಾದರೂ ಸರಿ. ಬರೆದು ಮುಗಿದ ಮೇಲೆ ಹತ್ತೂ ಜನ ಸಹಿ ಹಾಕೋಣ.