‘ಫಿಟ್’ ಎಂದರೆ ಯಾವುದಕ್ಕೆ ಫಿಟ್?

ಪಿಂಪ್ರಿ, ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳಿಗೆ ಸೇರಲು ಹೋದವನನ್ನು ಮೊದಲು ವೈದ್ಯರ ಬಳಿಗೆ ಕಳಿಸುವುದು ವಾಡಿಕೆ. ಎತ್ತರ, ತೂಕ, ರಕ್ತದೊತ್ತಡ, ಕಣ್ಣು, ಹೆಚ್ಚೆಂದರೆ ಎದೆಯ ಎಕ್ಸ್-ರೇ ನೋಡಿ ಚೀಟಿಯ ಮೇಲೆ ‘ಫಿಟ್’ ಎಂದು ಮೊಹರು ಒತ್ತುತ್ತಾರೆ. ಯಾವುದಕ್ಕೆ ಫಿಟ್? ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆಯುವುದಕ್ಕೋ, ಎಂಟು ತಾಸು ನಿಂತು ಕಬ್ಬಿಣದ ಬಿಡಿಭಾಗ ಎತ್ತಿಡುವುದಕ್ಕೋ, ಸಾರುವೆಯ ಮೇಲೆ ನಿಂತು ಹತ್ತನೆಯ ಮಹಡಿಗೆ ಗಿಲಾಯಿ ಮಾಡುವುದಕ್ಕೋ? ಚೀಟಿ ಹೇಳುವುದಿಲ್ಲ. ಇನ್ನು ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಪುಣೆಯ ಕಟ್ಟಡದ ಕೆಲಸಕ್ಕೆ ಬರುವ ನಮ್ಮ ಜನರಲ್ಲಿ ಬಹುಪಾಲು ಮಂದಿಗೆ ಆ ಚೀಟಿಯ ಭಾಗ್ಯವೂ ಇಲ್ಲ. ಮುಕಾದಮನ ಕಣ್ಣಳತೆಯೇ ಅವರಿಗೆ ಪರೀಕ್ಷೆ.

ಕೆಲಸವನ್ನು ಅಳೆಯದೆ ಆಳನ್ನು ಅಳೆಯುವುದು ಪರೀಕ್ಷೆಯಲ್ಲ, ಕಣ್ಣೊರೆಸುವ ಶಾಸ್ತ್ರ. ನಾಳೆ ಅವನ ಸೊಂಟ ಮುರಿದರೆ ‘ಸೇರುವಾಗ ಫಿಟ್ ಇದ್ದನಲ್ಲ’ ಎಂದು ತೋರಿಸುವುದಕ್ಕೆ ಮಾಲೀಕನ ಕೈಯಲ್ಲಿ ಒಂದು ಕಾಗದ, ಅಷ್ಟೆ.

ಸರಿಯಾದ ಪರೀಕ್ಷೆ ಸಾಧ್ಯವೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ರೈಲ್ವೆಯ ಕೆಳಹಂತದ ಹುದ್ದೆಗಳಿಗೆ (ಹಿಂದೆ ಗ್ರೂಪ್ ‘ಡಿ’ ಎನ್ನುತ್ತಿದ್ದೆವು) ಗಂಡಸು 35 ಕಿಲೋ ಭಾರ ಹೊತ್ತು, ನಡುವೆ ಕೆಳಗಿಡದೆ, 2 ನಿಮಿಷದಲ್ಲಿ 100 ಮೀಟರ್ ಸಾಗಬೇಕು. ಹೆಂಗಸಿಗೆ ಅದೇ ದೂರ, ಅದೇ ಸಮಯ, ಭಾರ 20 ಕಿಲೋ. ಹಳಿಯ ಮೇಲೆ ಭಾರ ಹೊರುವ ಕೆಲಸವಿದೆ, ಆದ್ದರಿಂದ ಭಾರ ಹೊರಿಸಿ ನೋಡುತ್ತಾರೆ. ನಮ್ಮ ಕರ್ನಾಟಕದಲ್ಲಿ 2024ರಲ್ಲಿ ಕಿರಿಯ ಪವರ್‌ಮನ್ ಹುದ್ದೆಗಳಿಗೆ ಅರ್ಜಿ ಕರೆದಾಗ 8 ಮೀಟರ್ ಎತ್ತರದ ವಿದ್ಯುತ್ ಕಂಬ ಹತ್ತುವುದನ್ನು ಕಡ್ಡಾಯ ಮಾಡಿದ್ದರು. ಇದೂ ನ್ಯಾಯವೇ. ಆದರೆ ಅದರ ಜೊತೆಗೆ ಗುಂಡು ಎಸೆತವನ್ನೂ ಇಟ್ಟಿದ್ದರು! ತಂತಿ ಕಟ್ಟುವವನು ಗುಂಡು ಎಸೆದು ಸಾಧಿಸಬೇಕಾದದ್ದಾದರೂ ಏನು?

ಈ ಪ್ರಶ್ನೆಯನ್ನು ಕೆನಡಾದ ಸುಪ್ರೀಂ ಕೋರ್ಟು 1999ರಲ್ಲಿಯೇ ಕೇಳಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಕಾಡ್ಗಿಚ್ಚು ಆರಿಸುವ ತಂಡದಲ್ಲಿದ್ದ ಟಾನಿ ಮೇಯೊರಿನ್ ಎಂಬ ಮಹಿಳೆ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದಳು. ಆಮೇಲೆ ಬಂದ ಹೊಸ ಪರೀಕ್ಷೆಯಲ್ಲಿ 2.5 ಕಿಲೋಮೀಟರನ್ನು 11 ನಿಮಿಷದಲ್ಲಿ ಓಡಬೇಕಿತ್ತು. ಅವಳಿಗೆ 49.4 ಸೆಕೆಂಡು ಹೆಚ್ಚು ಹಿಡಿಯಿತು, ಕೆಲಸ ಹೋಯಿತು. ಅಷ್ಟು ವೇಗವಾಗಿ ಓಡದವರು ಬೆಂಕಿಯನ್ನು ಸುರಕ್ಷಿತವಾಗಿ ಆರಿಸಲಾರರೆಂದು ಸರ್ಕಾರ ಸಿದ್ಧಪಡಿಸಿ ತೋರಿಸಿಲ್ಲವೆಂದು ಹೇಳಿ ನ್ಯಾಯಾಲಯ ಅವಳನ್ನು ಮರಳಿ ಕೆಲಸಕ್ಕೆ ಸೇರಿಸಿತು. ಕೆಲಸಕ್ಕೆ ಬೇಕಾದ್ದನ್ನು ಮಾತ್ರ ಪರೀಕ್ಷಿಸಿ, ಬೇಡವಾದ್ದನ್ನು ಜರಡಿ ಮಾಡಬೇಡಿ ಎಂಬುದೇ ಅದರ ತಾತ್ಪರ್ಯ.

ಆದರೆ ಆಳನ್ನು ಎಷ್ಟು ಸರಿಯಾಗಿ ಅಳೆದರೂ ಅರ್ಧ ಕೆಲಸವೇ ಆಯಿತು. ಹೊರೆಯನ್ನು ಯಾರು ಅಳೆಯಬೇಕು? ಇದಕ್ಕೆ ಉತ್ತರ ಹುಡುಕಲು ಕೆನಡಾಕ್ಕೆ ಹೋಗಬೇಕಿಲ್ಲ. ನಮ್ಮ ಪುಣೆಯಲ್ಲಿಯೇ ಡಾ. ಬಾಬಾ ಆಢಾವರು 1950ರ ದಶಕದಲ್ಲಿ ಹಮಾಲ ಪಂಚಾಯತನ್ನು ಕಟ್ಟಿದರು. ಕ್ವಿಂಟಲ್ ತೂಕದ ಮೂಟೆ ಹೊರುತ್ತಿದ್ದ ಹಮಾಲರು ತಮ್ಮ ಬೆನ್ನನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳಲು ಹೊರಡಲಿಲ್ಲ, ಮೂಟೆಯ ತೂಕ ಇಳಿಸಿ ಎಂದು ಪಟ್ಟು ಹಿಡಿದರು. ಹಮಾಲರಿಗೂ ಮಾಥಾಡಿಗಳಿಗೂ ಮಹಾರಾಷ್ಟ್ರದಲ್ಲಿ 1969ರಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು.

ಕಾಯಿದೆಯ ಅಂಕಿಗಳನ್ನೂ ಸ್ವಲ್ಪ ನೋಡೋಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ವಯಸ್ಕ ಗಂಡಸಿಗೆ 55 ಕಿಲೋ ಮಿತಿಯೆಂದು ಶಿಫಾರಸು ಮಾಡಿತು. ಕಟ್ಟಡ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ 1998ರಲ್ಲಿ ಮಾಡಿದ ನಿಯಮಗಳಲ್ಲಿಯೂ ಗಂಡಸಿಗೆ 55, ಹೆಂಗಸಿಗೆ 30 ಕಿಲೋ ಎಂದಿತ್ತು. ಸಿಮೆಂಟ್ ಚೀಲ 50 ಕಿಲೋ, ಆದ್ದರಿಂದ ಎಲ್ಲವೂ ಸಕ್ರಮ! ಇಪ್ಪತ್ತರ ಹುಡುಗನಿಗೂ ಐವತ್ತರ ಮುದುಕನಿಗೂ, ದಿನದ ಮೊದಲ ಚೀಲಕ್ಕೂ ಐವತ್ತನೆಯ ಚೀಲಕ್ಕೂ, ಸಮನೆಲಕ್ಕೂ ಮೆಟ್ಟಿಲಿಗೂ ಒಂದೇ ಅಂಕಿ. ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ 1991ರಲ್ಲಿ ರೂಪಿಸಿದ ಸೂತ್ರ 23 ಕಿಲೋದಿಂದ ಆರಂಭವಾಗುತ್ತದೆ, ಅದೂ ಎಲ್ಲ ಅನುಕೂಲವಿದ್ದಾಗ. ಭಾರ ಮೈಯಿಂದ ದೂರವಾದರೆ, ಸೊಂಟ ತಿರುಗಿಸಬೇಕಾದರೆ, ಮತ್ತೆ ಮತ್ತೆ ಎತ್ತಬೇಕಾದರೆ ಆ ಅಂಕಿ ಇಳಿಯುತ್ತ ಹೋಗುತ್ತದೆ.

‘ಅವನೇ ಒಪ್ಪಿಕೊಂಡು ಹೊರುತ್ತಾನೆ, ನಾವೇನು ಬಲವಂತ ಮಾಡಿದೆವೇ?’ ಎಂದು ಕೇಳುವವರಿದ್ದಾರೆ. ಹಸಿದವನು ಯಾವ ಹೊರೆಗೂ ಒಪ್ಪುತ್ತಾನೆ. ಅದನ್ನು ಒಪ್ಪಿಗೆ ಎನ್ನುವುದು ನಾಚಿಕೆಗೇಡು. ‘ಪರೀಕ್ಷೆ ಇಟ್ಟರೆ ಬಡವನ ಹೊಟ್ಟೆಯ ಮೇಲೆ ಹೊಡೆದಂತೆ’ ಎಂಬ ಇನ್ನೊಂದು ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಫೇಲಾದವನನ್ನು ಮನೆಗೆ ಕಳಿಸುವುದಾದರೆ ಯಾವ ಆಳು ತಾನೇ ತನ್ನ ಬೆನ್ನುನೋವನ್ನು ಬಾಯಿಬಿಟ್ಟು ಹೇಳಿಯಾನು? ಕೆಲಸದಲ್ಲಿದ್ದಾಗ ಅಂಗವಿಕಲನಾದ ನೌಕರನನ್ನು ತೆಗೆದುಹಾಕಬಾರದು, ಬೇರೆ ಹುದ್ದೆ ಕೊಡಬೇಕು ಎಂದು 2016ರ ಕಾಯಿದೆ ಸರ್ಕಾರಿ ಸಂಸ್ಥೆಗಳಿಗೆ ವಿಧಿಸಿದೆ. ಸರ್ಕಾರಿ ನೌಕರನಿಗೆ ಸಲ್ಲುವ ಈ ನ್ಯಾಯ ಗುತ್ತಿಗೆಯ ಆಳಿಗೆ ಏಕೆ ಸಲ್ಲಬಾರದು?

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷೆಯ ಸಂಹಿತೆ, ಸರ್ಕಾರ ಗೊತ್ತುಪಡಿಸುವ ವಯಸ್ಸಿನ ಅಥವಾ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕೆನ್ನುತ್ತದೆ. ಸಂತೋಷ. ಆದರೆ ರಕ್ತದ ಸಕ್ಕರೆ ನೋಡಿದ ಮಾತ್ರಕ್ಕೆ ಮೊಣಕಾಲು ಎಷ್ಟು ಮೆಟ್ಟಿಲು ಹತ್ತೀತೆಂದು ತಿಳಿಯುವುದಿಲ್ಲ.

ಕೇಳಬೇಕಾದದ್ದು ಇಷ್ಟೆ. ಮೊದಲು ಕೆಲಸವನ್ನು ಅಳೆದು ಬರೆದಿಡಲಿ: ಎಷ್ಟು ಭಾರ, ಎಷ್ಟು ಎತ್ತರ, ದಿನಕ್ಕೆ ಎಷ್ಟು ಸಲ. ಇಳಿಸಬಹುದಾದ ಹೊರೆಯನ್ನು ಇಳಿಸಲಿ. ಉಳಿದ ಕೆಲಸಕ್ಕೆ ತಕ್ಕ ಪರೀಕ್ಷೆ ಇರಲಿ, ‘ಇಂಥ ಕೆಲಸಕ್ಕೆ ಫಿಟ್’ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಲಿ. ಜ್ವರ, ಪೆಟ್ಟು, ಹೆರಿಗೆಗಳ ನಂತರ ಮತ್ತೊಮ್ಮೆ ನೋಡಲಿ. ಆಗದವನಿಗೆ ಬೇರೆ ಕೆಲಸ ಕೊಡಲಿ.

ನಮ್ಮ ಸಂಘದ ಕುಟುಂಬಗಳಲ್ಲಿ ಕಾರ್ಖಾನೆಯ ಸೂಪರ್‌ವೈಸರುಗಳಿದ್ದಾರೆ, ಪರ್ಸನಲ್ ವಿಭಾಗದವರಿದ್ದಾರೆ, ಗುತ್ತಿಗೆದಾರರಿದ್ದಾರೆ, ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿ ಕುಳಿತವರಿದ್ದಾರೆ. ಆ ಚೀಟಿಗಳು ಹೋಗಿ ಸೇರುವುದು ಇವರ ಮೇಜಿಗೇ. ಮುಂದಿನ ಚೀಟಿ ಬಂದಾಗ ಫೈಲಿಗೆ ಹಾಕುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಯಾವುದಕ್ಕೆ ಫಿಟ್? ಉತ್ತರ ಬರೆಯದ ಚೀಟಿಯನ್ನು ಹಿಂದಕ್ಕೆ ಕಳಿಸಿ. ಅದಕ್ಕೆ ಯಾವ ಹೊಸ ಕಾಯಿದೆಯೂ ಬೇಕಿಲ್ಲ.