ಅಗ್ಗದ ಯೂರಿಯಾ, ದುಬಾರಿ ನೀರು

45 ಕೆ.ಜಿ. ಯೂರಿಯಾ ಚೀಲ ರೈತರಿಗೆ ಸುಮಾರು 266 ರೂಪಾಯಿಗೆ ಸಿಗುತ್ತದೆ. ಮಿಕ್ಕ ವೆಚ್ಚ ಕೇಂದ್ರ ಸರ್ಕಾರದ್ದು. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗಲೂ ಯೂರಿಯಾವನ್ನು ಹೊರಗಿಡಲಾಯಿತು. ಇತರ ಗೊಬ್ಬರಗಳಾದ ಡಿಎಪಿ, ಪೊಟ್ಯಾಷ್ ತುಟ್ಟಿಯಾದಂತೆ ಯೂರಿಯಾ ಎರಚುವುದು ಹೆಚ್ಚಿತು. ಬೆಳೆ ಹೀರದ ಸಾರಜನಕ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ ಕರ್ನಾಟಕದ ಹೆಚ್ಚುಕಡಿಮೆ ಅರ್ಧದಷ್ಟು ಮಾದರಿಗಳು ಇದನ್ನು ಮೀರಿವೆ.

ಈ ನೈಟ್ರೇಟ್‌ನಲ್ಲಿ ಚರಂಡಿ, ಶೌಚಗುಂಡಿಗಳ ಪಾಲೂ ಇದೆ ಎನ್ನುವುದು ನಿಜ. ಅದು ಗೊಬ್ಬರದ ಪಾಲನ್ನು ಅಳಿಸುವುದಿಲ್ಲ. ಸಬ್ಸಿಡಿ ಕಿತ್ತರೆ ಸಣ್ಣ ರೈತರು ಸೋಲುತ್ತಾರೆಂಬ ಆಕ್ಷೇಪವೂ ಸರಿಯೇ. ಆದ್ದರಿಂದ ಹಣ ಕಡಿತ ಬೇಡ, ದಾರಿ ಬದಲಾಗಲಿ: ಅದೇ ಮೊತ್ತ ಎಕರೆ ಲೆಕ್ಕದಲ್ಲಿ ರೈತರ ಖಾತೆಗೆ ಬರಲಿ, ಸೆಣಬು, ಡಯಂಚದಂಥ ಹಸಿರೆಲೆ ಗೊಬ್ಬರ ಬೆಳೆದವರಿಗೆ, ಮಣ್ಣು ಪರೀಕ್ಷೆಯಂತೆ ಗೊಬ್ಬರ ಹಾಕಿದವರಿಗೆ ಹೆಚ್ಚುವರಿ ಸಿಗಲಿ.